ಕಾರಿನ ಸೀಟು: ಬ್ರೇಕಿನಿಂದ ಶುರು ಮಾಡಿ

ನಾನು ಫಿಸಿಯೋಥೆರಪಿಸ್ಟ್. ದಿನಾ ಕಾರು ಓಡಿಸುವವರು ಬೆನ್ನುನೋವು ಎಂದು ಬಂದರೆ, ಅವರ ಜೊತೆ ಕಾರಿನ ತನಕ ಹೋಗಿ ಹೇಗೆ ಕೂರುತ್ತಾರೆಂದು ನೋಡುತ್ತೇನೆ. ಹೆಚ್ಚಿನವರು ಮೊದಲು ಸೀಟಿನ ಬೆನ್ನನ್ನು ಹಿಂದಕ್ಕೆ ವಾಲಿಸಿಕೊಳ್ಳುತ್ತಾರೆ. ನಿಂತ ಕಾರಿನಲ್ಲಿ ಅದು ಹಾಯಾಗಿಯೇ ಇರುತ್ತದೆ. ಓಡಿಸಲು ಶುರು ಮಾಡಿದ ಮೇಲೆ ಕೈ ಸ್ಟೀರಿಂಗಿಗೆ ಎಟುಕುವುದಿಲ್ಲ. ಭುಜ ಸೀಟು ಬಿಟ್ಟು ಮುಂದೆ ಬರುತ್ತದೆ, ಕತ್ತು ಚಾಚಿಕೊಳ್ಳುತ್ತದೆ. ಗಂಟೆಗಟ್ಟಲೆ ಹೀಗಿದ್ದರೆ ನೋವು ಬಂದೇ ಬರುತ್ತದೆ ಅಲ್ವಾ?

ಅದಕ್ಕೇ ನಾನು ಬ್ರೇಕಿನಿಂದ ಶುರು ಮಾಡಿಸುತ್ತೇನೆ. ಹಿಂದಿನ ಜೇಬಿನ ಪರ್ಸ್ ತೆಗೆದಿಟ್ಟು, ಸೊಂಟ ಪೂರ್ತಿ ಹಿಂದೆ ತಾಗುವಂತೆ ಕೂರಿ. ರಸ್ತೆ ಚೆನ್ನಾಗಿ ಕಾಣುವಷ್ಟು ಸೀಟು ಎತ್ತರಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಎಂಜಿನ್ ಆನ್ ಆಗಿರಲಿ. ಆಫ್ ಆಗಿದ್ದರೆ ಪೆಡಲ್ ಬೇಗ ಗಟ್ಟಿಯಾಗಿ ಸರಿಯಾಗಿ ಇಳಿಯುವುದಿಲ್ಲ. ಈಗ ಬ್ರೇಕನ್ನು ಜೋರಾಗಿ ಒತ್ತಿ. ಕ್ಲಚ್ ಇದ್ದರೆ ಅದನ್ನೂ ತಳದ ತನಕ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗಾದರೆ ತುರ್ತಿನಲ್ಲಿ ಬೇಕಾದಷ್ಟು ಬಲ ಬರುವುದಿಲ್ಲ. ಡಿಕ್ಕಿಯಾದರೆ ಪೆಟ್ಟು ನೇರವಾಗಿ ಸೊಂಟದ ಕೀಲಿಗೆ ಹತ್ತುತ್ತದೆ.

ಆಮೇಲೆ ಸೀಟಿನ ಬೆನ್ನು. ಭುಜ ಸೀಟಿಗೆ ತಾಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಸಿಗಬೇಕು. ಸೀಟಿನ ಕೂರುವ ಭಾಗಕ್ಕೂ ಬೆನ್ನಿಗೂ ನಡುವೆ ಸುಮಾರು 100ರಿಂದ 110 ಡಿಗ್ರಿ ಕೋನವಿದ್ದರೆ ಸಾಕು. ಎದೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ, ಏರ್‌ಬ್ಯಾಗ್ ಉಬ್ಬಲು ಅಷ್ಟು ಜಾಗ ಬೇಕು. ಎತ್ತರ ಕಡಿಮೆ ಇರುವವರಿಗೆ ಇದು ಕಷ್ಟ. ಅವರು ಬೆನ್ನನ್ನು ತುಸು ಜಾಸ್ತಿ ವಾಲಿಸಿ, ಸ್ಟೀರಿಂಗನ್ನು ಕೆಳಗಿಳಿಸಿಕೊಳ್ಳಲಿ.

ನನಗೆ ಅತಿ ಹೆಚ್ಚು ಚಿಂತೆ ತರುವುದು ಹೆಡ್‌ರೆಸ್ಟ್. ಅದನ್ನು ತಲೆದಿಂಬು ಅಂದುಕೊಂಡು ಯಾರೂ ಮುಟ್ಟುವುದೇ ಇಲ್ಲ. ಹಿಂದಿನಿಂದ ಯಾವುದಾದರೂ ಗಾಡಿ ಗುದ್ದಿದಾಗ ಸೀಟು ನಿಮ್ಮ ಮೈಯನ್ನು ಮುಂದಕ್ಕೆ ನೂಕುತ್ತದೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಆ ಎಳೆತವೆಲ್ಲ ಕತ್ತಿಗೆ. ಹೆಡ್‌ರೆಸ್ಟ್ ಕತ್ತಿನ ಮಟ್ಟದಲ್ಲೇ ಇದ್ದರೆ ತಲೆ ಅದರ ಮೇಲಿಂದ ಹಿಂದಕ್ಕೆ ಬಾಗುತ್ತದೆ. ಅದರ ಮೇಲ್ತುದಿ ನಿಮ್ಮ ನೆತ್ತಿಯ ಮಟ್ಟಕ್ಕಿರಲಿ, ತಲೆಗೆ ಆದಷ್ಟು ಹತ್ತಿರ ಇರಲಿ. ಪಕ್ಕದವರದ್ದನ್ನೂ ನೋಡಿ.

ಬೆಲ್ಟಿನ ಕೆಳಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಗರ್ಭಿಣಿಯರಿಗೆ ಅದು ಹೊಟ್ಟೆಯ ಕೆಳಗೆ ಬರಬೇಕು. ಪಕ್ಕದ ಸೀಟಿನಲ್ಲಿ ಪೂರ್ತಿ ಒರಗಿ ನಿದ್ದೆ ಮಾಡುವವರನ್ನು ದಯವಿಟ್ಟು ಎಬ್ಬಿಸಿ ಕೂರಿಸಿ. ಜೋರಾಗಿ ಬ್ರೇಕ್ ಹಾಕಿದರೆ ಅಥವಾ ಡಿಕ್ಕಿಯಾದರೆ ಅವರು ಬೆಲ್ಟಿನ ಅಡಿಯಿಂದ ಜಾರಬಹುದು, ಆಗ ಪಟ್ಟಿ ಹೊಟ್ಟೆಯನ್ನು ಹಿಂಡುತ್ತದೆ.

ಇದೆಲ್ಲ ಕಾರು ನಿಂತಿರುವಾಗ ಮಾತ್ರ. ಸೀಟು ಸರಿಸಿದ ಮೇಲೆ ಒಮ್ಮೆ ಅಲುಗಾಡಿಸಿ, ಲಾಕ್ ಆಗಿದೆಯಾ ನೋಡಿ. ಕನ್ನಡಿ ಹೊಂದಿಸುವುದು ಕೊನೆಗೆ. ದೂರದ ದಾರಿಯಲ್ಲಿ ಒಳಗಿನ ಕನ್ನಡಿ ಸರಿಯಾಗಿ ಕಾಣುತ್ತಿಲ್ಲ ಅನಿಸಿದರೆ ಅದನ್ನು ತಿರುಗಿಸಬೇಡಿ. ಬಹುಶಃ ನೀವೇ ಸೀಟಿನಲ್ಲಿ ಕುಸಿದಿರುತ್ತೀರಿ. ನೆಟ್ಟಗೆ ಕೂರಿ, ಇಲ್ಲವೇ ಗಾಡಿ ನಿಲ್ಲಿಸಿ ಸ್ವಲ್ಪ ಓಡಾಡಿ.