ಬಹುಮಾನವೂ ಬಂತು, ಪೊಲೀಸರೂ ಬಂದರು: ಪೋಕಿಮಾನ್ ಅಭಿಮಾನಿ ಚಿತ್ರಗಳ ಹಿಂದಿನ ಕಥೆ

2022ರಲ್ಲಿ, ಪೋಕಿಮಾನ್ ಎಂಬ ಜಪಾನಿ ವಿಡಿಯೋ ಗೇಮಿನ ಕಾಲ್ಪನಿಕ ಪ್ರಾಣಿಯ ಚಿತ್ರವಿದ್ದ ಒಂದು ಕಾರ್ಡ್ ಜಗತ್ತಿನಾದ್ಯಂತ ಸುದ್ದಿಯಾಯಿತು. ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ ಅದನ್ನು 52,75,000 ಡಾಲರಿಗೆ ಕೊಂಡಿದ್ದರು. ಬೆಲೆ ಎಲ್ಲರಿಗೂ ನೆನಪಿದೆ. ಆ ಕಾರ್ಡ್ ಹುಟ್ಟಿದ್ದು ಯಾಕೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಅದು ಅಂಗಡಿಯಲ್ಲಿ ಮಾರಿದ ಕಾರ್ಡ್ ಅಲ್ಲ. 1997-98ರಲ್ಲಿ ಜಪಾನಿನ ಮಕ್ಕಳ ಪತ್ರಿಕೆ ಕೊರೊಕೊರೊ ನಡೆಸಿದ ಚಿತ್ರಸ್ಪರ್ಧೆಯ ಬಹುಮಾನ. ಗೆದ್ದವರಿಗೆ ಹಂಚಿದ್ದು 39 ಪ್ರತಿ. ನಿನ್ನ ಚಿತ್ರ ಚೆನ್ನಾಗಿದೆ, ನೀನು ಇನ್ನು ಅಧಿಕೃತ ಪೋಕಿಮಾನ್ ಕಾರ್ಡ್ ಚಿತ್ರಕಾರ ಎಂಬ ಅರ್ಥದ ಸಾಲು ಅದರ ಮೇಲೆ ಜಪಾನಿ ಭಾಷೆಯಲ್ಲಿದೆ.

ಅಭಿಮಾನಿ ಬಿಡಿಸಿದ ಚಿತ್ರಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಆಶ್ಚರ್ಯವಲ್ಲ. ಈ ಆಟ ಮಾಡಿದವರೇ ಮೊದಲು ಅಭಿಮಾನಿಗಳಾಗಿದ್ದವರು. 1983ರಲ್ಲಿ ಸತೋಶಿ ತಜಿರಿ ಎಂಬ ಹದಿಹರೆಯದ ಹುಡುಗ ವಿಡಿಯೋ ಗೇಮ್‌ಗಳ ಬಗ್ಗೆ ಕೈಬರಹದ ಪುಟ್ಟ ಪತ್ರಿಕೆ ಶುರು ಮಾಡಿದ. ಹೆಸರು ಗೇಮ್ ಫ್ರೀಕ್. ಹಾಳೆಗಳಿಗೆ ತಾನೇ ಪಿನ್ ಹೊಡೆದು ಮಾರುತ್ತಿದ್ದ. ಅದನ್ನು ಓದಿ ಮೆಚ್ಚಿದ ಕೆನ್ ಸುಗಿಮೊರಿ ಬಂದು ಚಿತ್ರ ಬರೆದುಕೊಡಲು ಶುರುಮಾಡಿದರು. 1989ರಲ್ಲಿ ಪತ್ರಿಕೆಯೇ ಕಂಪನಿಯಾಯಿತು. 1996ರ ಫೆಬ್ರವರಿ 27ರಂದು ಅದೇ ಕಂಪನಿಯ ಪೋಕಿಮಾನ್ ಆಟ ಜಪಾನಿನಲ್ಲಿ ಹೊರಬಂತು. ಸುಗಿಮೊರಿ ಅದರ ಮುಖ್ಯ ಚಿತ್ರಕಾರ.

ಈ ಪ್ರಾಣಿಗಳನ್ನೇ ಜನ ಯಾಕೆ ಇಷ್ಟೊಂದು ಬಿಡಿಸುತ್ತಾರೆ? ಉತ್ತರ, ಮೊದಲು ಈ ಆಟ ಆಡುತ್ತಿದ್ದ ಗೇಮ್ ಬಾಯ್ ಎಂಬ ಪುಟ್ಟ ಯಂತ್ರದಲ್ಲೇ ಇದೆ. ಅದರ ಪರದೆ 160 ಪಿಕ್ಸೆಲ್ ಅಗಲ, 144 ಪಿಕ್ಸೆಲ್ ಎತ್ತರ. ಬಣ್ಣವಿಲ್ಲ, ನಾಲ್ಕೇ ಛಾಯೆ. ಅಷ್ಟರಲ್ಲಿ ಒಂದು ಪ್ರಾಣಿಯ ಗುರುತು ಸಿಗಬೇಕಾದರೆ ಆಕಾರ ಸರಳವಾಗಿರಲೇಬೇಕು. ದೊಡ್ಡ ಕಿವಿ, ಮಿಂಚಿನಂಥ ಬಾಲ, ಕೆನ್ನೆಯ ಮೇಲೆರಡು ಚುಕ್ಕಿ. ಇಷ್ಟು ಗೀಚಿದರೆ ಪಿಕಾಚು ಆಯಿತು. ನಮ್ಮಲ್ಲೂ ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದ ಎಷ್ಟೋ ಮಕ್ಕಳ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಅದು ಕೂತಿತ್ತು ಅಲ್ವಾ?

ಇನ್ನೊಂದು ಕಾರಣವೂ ಇದೆ. ಆಟಕ್ಕೆ ತನ್ನದೇ ವ್ಯಾಕರಣವಿದೆ. ಬೆಂಕಿ, ನೀರು, ಹುಲ್ಲು ಎಂಬ ಬಗೆಗಳು. ಮರಿ ಬೆಳೆದು ಇನ್ನೊಂದು ರೂಪ ತಾಳುವ ಹಂತಗಳು. ವ್ಯಾಕರಣ ಕಲಿತವರು ಹೊಸ ವಾಕ್ಯ ಕಟ್ಟದೆ ಇರುತ್ತಾರೆಯೇ? ಹಾಗೆ ಅಭಿಮಾನಿಗಳೇ ಕಲ್ಪಿಸಿದ ಪ್ರಾಣಿಗಳಿಗೆ 'ಫೇಕ್‌ಮಾನ್' ಎಂಬ ಹೆಸರು ಬಿತ್ತು.

ಆದರೆ ಎಲ್ಲ ಚಿತ್ರಕ್ಕೂ ಬಹುಮಾನ ಸಿಗಲಿಲ್ಲ. ಕೊರೊಕೊರೊ ಸ್ಪರ್ಧೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ. 1999ರ ಜನವರಿಯಲ್ಲಿ, ಪೋಕಿಮಾನ್ ಪಾತ್ರಗಳನ್ನಿಟ್ಟು ವಯಸ್ಕರ ಕಾಮಿಕ್ ಮಾಡಿ ಮಾರಿದ ಮಹಿಳೆಯೊಬ್ಬರನ್ನು ಕ್ಯೋಟೋ ಪೊಲೀಸರು ಬಂಧಿಸಿದರು. ದೂರು ಕೊಟ್ಟಿದ್ದು ಗೇಮ್ ಬಾಯ್ ತಯಾರಿಸಿ ಪೋಕಿಮಾನ್ ಆಟ ಮಾರುತ್ತಿದ್ದ ನಿಂಟೆಂಡೊ ಕಂಪನಿ. ಕೊನೆಗೆ ಒಂದು ಲಕ್ಷ ಯೆನ್ ದಂಡ ಬಿತ್ತು. ಮಕ್ಕಳ ಪಾತ್ರಗಳ ಹೆಸರು ಕೆಡದಂತೆ ಕಾಯುವ ಹಕ್ಕು ಕಂಪನಿಗಿದೆ, ನಿಜ. ಆದರೂ ಚಿತ್ರ ಬರೆದದ್ದಕ್ಕೆ ಬಂಧನ ಎಂಬ ಸುದ್ದಿಗೆ ಜಪಾನಿನ ಅಭಿಮಾನಿ ಕಲಾವಿದರೆಲ್ಲ ಬೆಚ್ಚಿಬಿದ್ದರು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿ ಮಾರುವ ಪದ್ಧತಿ ಅಲ್ಲಿ ದಶಕಗಳಿಂದ ಇತ್ತು. ಕಂಪನಿಗಳು ನೋಡಿಯೂ ನೋಡದಂತೆ ಇರುತ್ತಿದ್ದವು. ಆ ಮೌನವನ್ನು ನಂಬುವಂತಿಲ್ಲ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಚಿತ್ರ ಹಂಚಿಕೊಳ್ಳುವ ಜಾಲತಾಣಗಳು ಬಂದವು: 2000ದಲ್ಲಿ ಡೀವಿಯಂಟ್‌ಆರ್ಟ್, 2007ರಲ್ಲಿ ಜಪಾನಿನ ಪಿಕ್ಸಿವ್. ಅಚ್ಚಿನ ಖರ್ಚು ಇಲ್ಲವಾಯಿತು. ನೋಡುವವರು ಎಲ್ಲ ದೇಶಗಳಲ್ಲೂ ಸಿಕ್ಕರು. 2010ರಲ್ಲಿ ನಿಕ್ ಫ್ರಾಂಕೊ ಎಂಬವರು ತಾವು ಆಟ ಆಡಿದ್ದನ್ನೇ ಕಾಮಿಕ್ ಮಾಡಿ ಹಾಕಿದರು. ಸೋತ ಪ್ರಾಣಿ ಸತ್ತಂತೆ, ಮತ್ತೆ ಬಳಸುವಂತಿಲ್ಲ ಎಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. 'ನಝ್‌ಲಾಕ್' ಎಂದು ಹೆಸರಾದ ಆ ನಿಯಮದಲ್ಲಿ ಇವತ್ತು ಲೆಕ್ಕವಿಲ್ಲದಷ್ಟು ಜನ ಆಡುತ್ತಾರೆ. ಚಿತ್ರದಿಂದ ಆಟದ ರೀತಿಯೇ ಬದಲಾದ ಈ ಸಂಗತಿ ನನಗೆ ಬಹಳ ಇಷ್ಟ.

ಆರ್.ಜೆ. ಪಾಮರ್ ಕಥೆಯೂ ಅಂಥದ್ದೇ. ಪೋಕಿಮಾನ್ ನಿಜವಾಗಿ ಇದ್ದಿದ್ದರೆ ಚರ್ಮ, ಹಲ್ಲು, ರೋಮ ಹೇಗಿರುತ್ತಿತ್ತು ಅಂತ ಅವರು ಬಿಡಿಸುತ್ತಿದ್ದರು. ಸಿನಿಮಾ ತಂಡದವರು ಅಂತರ್ಜಾಲದಲ್ಲಿ ಹುಡುಕುವಾಗ ಆ ಚಿತ್ರಗಳು ಕಣ್ಣಿಗೆ ಬಿದ್ದವು. 2019ರ 'ಡಿಟೆಕ್ಟಿವ್ ಪಿಕಾಚು' ಸಿನಿಮಾದಲ್ಲಿ ಅವರಿಗೆ ಕೆಲಸ ಸಿಕ್ಕಿತು. ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. 150ಕ್ಕೂ ಹೆಚ್ಚು ಫೇಕ್‌ಮಾನ್ ಸೃಷ್ಟಿಸಿ, ಒಂಬತ್ತು ವರ್ಷ ದುಡಿದು ಅಭಿಮಾನಿಗಳು ಕಟ್ಟಿದ 'ಪೋಕಿಮಾನ್ ಯುರೇನಿಯಂ' ಆಟ 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಬಂತು. ಅದೇ ತಿಂಗಳು ನಿಂಟೆಂಡೊ ವಕೀಲರ ನೋಟಿಸು ಬಂದು, ಮಾಡಿದವರೇ ಡೌನ್‌ಲೋಡ್ ಕೊಂಡಿ ತೆಗೆದರು.

ಈಗ ಭಯ ಇನ್ನೊಂದು ಕಡೆಯಿಂದ. 2024ರ ಕಾರ್ಡ್ ಚಿತ್ರಸ್ಪರ್ಧೆಯಲ್ಲಿ ಮೊದಲ 300ಕ್ಕೆ ಆಯ್ಕೆಯಾದ ಕೆಲವು ಚಿತ್ರಗಳನ್ನು ನೋಡಿ, ಇವು ಎಐ ಮಾಡಿದವು ಎಂದು ಅಭಿಮಾನಿ ಕಲಾವಿದರು ಗಲಾಟೆ ಎಬ್ಬಿಸಿದರು. ನಿಯಮ ಮೀರಿದ ಕೆಲವರನ್ನು ಕೈಬಿಟ್ಟಿದ್ದೇವೆ ಎಂದು ಸ್ಪರ್ಧೆ ನಡೆಸಿದ ಪೋಕಿಮಾನ್ ಕಂಪನಿ ಹೇಳಿತು. ಎಐ ಹೆಸರು ಮಾತ್ರ ಎತ್ತಲಿಲ್ಲ.

ಮರುವರ್ಷ ಜುಲೈ ಕೊನೆಯಲ್ಲಿ ತಪ್ಪು ಕಂಪನಿಯ ಒಳಗೇ ಆಯಿತು. ಮೊಬೈಲ್ ಕಾರ್ಡ್ ಆಟದಲ್ಲಿ ಹೋ-ಓ ಎಂಬ ಹಕ್ಕಿಯ ಹೊಸ ಕಾರ್ಡ್ ಬಂದ ಕೂಡಲೇ, ಇದು ಅಭಿಮಾನಿಯೊಬ್ಬರ ಹಳೆಯ ಚಿತ್ರದಂತೆಯೇ ಇದೆಯಲ್ಲ ಎಂದು ಜನ ಗುರುತು ಹಿಡಿದರು. ಕಂಪನಿ ಕ್ಷಮೆ ಕೇಳಿತು. ಕಾರ್ಡ್ ತಯಾರಿಸುವ ತಂಡವೇ ತಪ್ಪು ಮಾದರಿಗಳನ್ನು ಅಧಿಕೃತ ಎಂದು ಹೇಳಿ ಕಲಾವಿದರಿಗೆ ಕೊಟ್ಟಿತ್ತಂತೆ. ಅಂದರೆ, ಅಭಿಮಾನಿಯ ಚಿತ್ರ ಯಾವುದು, ತಮ್ಮದು ಯಾವುದು ಎಂಬುದು ಅವರಿಗೇ ಗೊತ್ತಾಗಿರಲಿಲ್ಲ. ಆ ಚಿತ್ರವನ್ನು ತೆಗೆದರು. ಅದರ ಜಾಗದಲ್ಲಿ ಹೊಸ ಚಿತ್ರ ಬರಲಿದೆ ಎಂಬ ಬರಹವಷ್ಟೇ ಇದ್ದ ಕಾರ್ಡನ್ನು ತಾತ್ಕಾಲಿಕವಾಗಿ ಇಟ್ಟರು.