ಎಲ್ಲ ರೇಡಾರ್‌ಗಳೂ ಒಂದೇ ಮಾಸ್ಟ್‌ನಲ್ಲಿದ್ದರೆ ಒಂದೇ ಹೊಡೆತಕ್ಕೆ ಹಡಗು ಕುರುಡಾಗದೇ?

ಪ್ರಶ್ನೆ: ಈಚಿನ ಯುದ್ಧನೌಕೆಗಳಲ್ಲಿ ರೇಡಾರ್, ಕ್ಯಾಮೆರಾ, ಸಂವಹನದ ಆಂಟೆನಾಗಳನ್ನೆಲ್ಲ ಹಡಗಿನ ಮೇಲೆ ಗೋಪುರದಂತೆ ನಿಂತ ಒಂದೇ ಮುಚ್ಚಿದ ಮಾಸ್ಟ್‌ಗೆ ಸೇರಿಸುತ್ತಾರೆ. ಅದಕ್ಕೆ ಕ್ಷಿಪಣಿಯೊಂದು ಬಡಿದರೆ ಗತಿಯೇನು?

ಉತ್ತರ: ಆತಂಕದಲ್ಲಿ ಹುರುಳಿದೆ, ಆದರೆ ಹಳೆಯ ಹಡಗುಗಳು ಈ ಅಪಾಯದಿಂದ ಪಾರಾಗಿದ್ದವು ಎನ್ನುವಂತಿಲ್ಲ. ಅವುಗಳ ಆಂಟೆನಾಗಳು ಅಲ್ಲಲ್ಲಿ ಹರಡಿಕೊಂಡಿದ್ದರೂ ಪ್ರತಿಯೊಂದರ ಕೆಲಸ ಬೇರೆಯಾಗಿದ್ದುದರಿಂದ, ಮುಖ್ಯ ರೇಡಾರ್ ಕೆಟ್ಟರೆ ಆ ಕೊರತೆಯನ್ನು ಉಳಿದವು ಪೂರ್ತಿಯಾಗಿ ತುಂಬಿಕೊಡುತ್ತಿರಲಿಲ್ಲ. ಸಾಲದ್ದಕ್ಕೆ ಒಂದರ ನೋಟಕ್ಕೆ ಇನ್ನೊಂದು ಅಡ್ಡ ನಿಲ್ಲುತ್ತಿತ್ತು, ಒಂದರ ಪ್ರಸಾರ ಇನ್ನೊಂದಕ್ಕೆ ತೊಡಕಾಗುತ್ತಿತ್ತು.

ನೆದರ್‌ಲ್ಯಾಂಡ್ಸ್ ನೌಕಾಪಡೆಯ ಹಾಲೆಂಡ್ ವರ್ಗದ ನಾಲ್ಕು ಗಸ್ತು ಹಡಗುಗಳಲ್ಲಿರುವ ಥೇಲ್ಸ್ ಕಂಪನಿಯ ಐ-ಮಾಸ್ಟ್ 400ರಲ್ಲಿ ರೇಡಾರ್ ತಿರುಗುವುದಿಲ್ಲ. ಅದರ ಸ್ಥಿರ ಫಲಕಗಳು ನಾಲ್ಕು ದಿಕ್ಕಿಗೆ ಮುಖಮಾಡಿವೆ. ಸಿಡಿದ ಚೂರುಗಳಿಂದ ಒಂದು ಫಲಕ ಹಾಳಾದರೂ ಉಳಿದ ಮೂರು ದಿಕ್ಕುಗಳ ನೋಟ ಉಳಿಯಬಲ್ಲದು. ಆದರೆ ಎಲ್ಲಕ್ಕೂ ವಿದ್ಯುತ್ತು ಮತ್ತು ತಂಪುನೀರು ಒಂದೇ ಬುಡದಿಂದ ಏರಬೇಕಾಗಿರುವುದರಿಂದ, ಪೆಟ್ಟು ಅಲ್ಲಿಗೆ ಬಿದ್ದರೆ ನಿಮ್ಮ ಆತಂಕವೇ ನಿಜವಾಗುತ್ತದೆ.

ಹಾಗಿದ್ದೂ ಈ ದಾರಿ ಹಿಡಿದುದಕ್ಕೆ ಶಿಪ್‌ಯಾರ್ಡ್‌ನಲ್ಲಿ ಉಳಿತಾಯವಾಗುವ ಸಮಯ ದೊಡ್ಡ ಕಾರಣ. ಹಡಗಿನ ಒಡಲು ಒಂದೆಡೆ ಸಿದ್ಧವಾಗುತ್ತಿರುವಾಗಲೇ ಮಾಸ್ಟ್ ಅನ್ನು ಕಾರ್ಖಾನೆಯಲ್ಲಿ ಜೋಡಿಸಿ, ತಂತಿ ಎಳೆದು, ಪರೀಕ್ಷಿಸಿ, ಕೊನೆಗೆ ಕ್ರೇನ್‌ನಿಂದ ಎತ್ತಿ ಕೂರಿಸಬಹುದು. ಡೆನ್ಮಾರ್ಕ್ ಇದೇ ತರ್ಕವನ್ನು ಆಯುಧಗಳಿಗೆ ಅನ್ವಯಿಸಿತ್ತು: ಬದಲಿಸಬಹುದಾದ ಸ್ಟ್ಯಾನ್‌ಫ್ಲೆಕ್ಸ್ ಪೆಟ್ಟಿಗೆಗಳಿದ್ದ ಫ್ಲೂವೆಫಿಸ್ಕೆನ್ ವರ್ಗದ 14 ಹಡಗುಗಳು ಹಳೆಯ 22 ಹಡಗುಗಳ ಜಾಗಕ್ಕೆ ಬಂದವು. ಪೆಟ್ಟಿಗೆಯೇ ಸಿದ್ಧವಾಗದಿದ್ದರೆ ಈ ಜಾಣ್ಮೆ ವ್ಯರ್ಥ; ಅಮೆರಿಕದ ಕರಾವಳಿ ಕಾಳಗದ ಹಡಗಾದ ಲಿಟೊರಲ್ ಕಾಂಬ್ಯಾಟ್ ಶಿಪ್‌ಗೆಂದು ರೂಪಿಸುತ್ತಿದ್ದ ಬದಲಿಸಬಹುದಾದ ಜಲಾಂತರ್ಗಾಮಿ ನಿಗ್ರಹ ಸಲಕರಣೆಗಳ ಕಟ್ಟನ್ನು (ಮಾಡ್ಯೂಲ್) ಕೈಬಿಡುವುದಾಗಿ ಅಲ್ಲಿನ ನೌಕಾಪಡೆ 2022ರಲ್ಲಿ ಹೇಳಬೇಕಾಯಿತು.

ನನ್ನ ಮಟ್ಟಿಗೆ ಒಂದೇ ಪೆಟ್ಟಿನ ಭಯಕ್ಕಿಂತ ಎತ್ತರದ ಲೆಕ್ಕವೇ ಗಂಭೀರವಾದುದು. ನಾಲ್ಕು ಮುಖಗಳ ಭಾರವನ್ನು ತೀರ ಮೇಲಕ್ಕೇರಿಸಿದರೆ ಹಡಗಿನ ಸಮತೋಲ ಕೆಡುತ್ತದೆ, ಕೆಳಗಿಟ್ಟರೆ ರೇಡಾರ್‌ನ ದಿಗಂತ, ಅಂದರೆ ಭೂಮಿಯ ದುಂಡುತನದಿಂದಾಗಿ ಅದರ ನೋಟ ನಿಲ್ಲುವ ಎಲ್ಲೆ, ಹತ್ತಿರವಾಗುತ್ತದೆ. ಅಲೆಗಳಿಂದ 5 ಮೀಟರ್ ಮೇಲೆ ಬರುವ ಕ್ಷಿಪಣಿಯು 25 ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕಂಡರೆ, 16 ಮೀಟರ್ ಎತ್ತರದ್ದಕ್ಕೆ ಸುಮಾರು 26 ಕಿಲೋಮೀಟರ್ ಸಮೀಪಿಸಿದ ಮೇಲಷ್ಟೇ ಕಾಣುತ್ತದೆ. ಸೆಕೆಂಡಿಗೆ 300 ಮೀಟರ್ ವೇಗದ ಕ್ಷಿಪಣಿಯ ಎದುರು ಇದು 13 ಸೆಕೆಂಡುಗಳ ನಷ್ಟ. ಬ್ರಿಟನ್ನಿನ ಟೈಪ್ 45 ವಿಧ್ವಂಸಕ ನೌಕೆಗಳು ನಾಲ್ಕರ ಬದಲು ಎರಡೇ ಮುಖಗಳ ಸ್ಯಾಂಪ್ಸನ್ ರೇಡಾರ್ ಅನ್ನು ಮಾಸ್ಟ್‌ನ ತುತ್ತತುದಿಯಲ್ಲಿ ನಿಮಿಷಕ್ಕೆ 30 ಸುತ್ತು ತಿರುಗಿಸುವ ವ್ಯವಸ್ಥೆಯಿಂದ ಈ ಎತ್ತರವನ್ನು ಗಳಿಸಿಕೊಂಡಿವೆ.