ಮನೋವೈದ್ಯರ ಗಳಿಕೆ: ಬೆಂಗಳೂರಿಗೊಂದು ಲೆಕ್ಕ, ತುಮಕೂರಿಗೊಂದು ಲೆಕ್ಕ

ತುಮಕೂರು, ಕೋಲಾರದಂಥ ಜಿಲ್ಲೆಗಳಲ್ಲಿ ಮನೋವೈದ್ಯರ ಕೊರತೆಯ ಮಾತು ಬಂದಾಗಲೆಲ್ಲ ಅದು ಕೊನೆಗೆ ಸಂಬಳದ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಸರ್ಕಾರಿ ವೇತನ ಶ್ರೇಣಿಯೊಂದೇ ಇದಕ್ಕೆ ಉತ್ತರ ಕೊಡುವುದಿಲ್ಲ. ಕೇಂದ್ರದ ಏಳನೇ ವೇತನ ಆಯೋಗದ ಪ್ರಕಾರ ತಜ್ಞ ವೈದ್ಯರ ಆರಂಭಿಕ ಮೂಲ ವೇತನ 67,700 ರೂಪಾಯಿ. ಖಾಸಗಿ ಪ್ರಾಕ್ಟೀಸ್ ಬಿಟ್ಟಿದ್ದಕ್ಕೆ ಮೂಲ ವೇತನದ ಶೇ 20ರಷ್ಟು ಭತ್ಯೆ, ಜೊತೆಗೆ ತುಟ್ಟಿಭತ್ಯೆ. ಮನೋವೈದ್ಯರಿಗೂ ಶಸ್ತ್ರಚಿಕಿತ್ಸಕರಿಗೂ ಇಲ್ಲಿ ಭೇದವಿಲ್ಲ. ಅಂತರ ಹುಟ್ಟುವುದು ಈ ಶ್ರೇಣಿಯ ಹೊರಗೆ.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ನಿಮ್ಹಾನ್ಸ್, 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಬಳ್ಳಾರಿಯಲ್ಲಿ ಅದರ ಪ್ರಯೋಗ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ತರಬೇತಿ ರಾಜಧಾನಿಯಲ್ಲಿ ಬೇರೂರಿತು, ಸೇವೆ ನಿಧಾನವಾಗಿ ಜಿಲ್ಲೆಗಳತ್ತ ಹೊರಟಿತು.

ಜಿಲ್ಲಾ ಕಾರ್ಯಕ್ರಮದ ಅನೇಕ ಹುದ್ದೆಗಳು ಗುತ್ತಿಗೆಯವು. ಮೂರು ವರ್ಷ ಎಂಡಿ ಓದಿ ಬಂದವರಿಗೆ ಮುಂದಿನ ವರ್ಷ ಇದೇ ಕುರ್ಚಿ ಇರುತ್ತದೆಯೇ ಎಂಬ ಖಾತರಿ ಇಲ್ಲದಿದ್ದರೆ ಅವರು ಇಲ್ಲಿ ಮನೆ ಮಾಡುವುದಾದರೂ ಹೇಗೆ? ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಬಂದ ಮೇಲೆ ಈ ಕೆಲಸದ ಭಾರ ಕಣ್ಣಿಗೆ ಬಿತ್ತು. ಹಳೆಯ ಚೀಟಿ ಹಿಡಿದು ಮಾತ್ರೆಗಾಗಿ ನಿಂತವರ ಸಾಲಿನ ನಡುವೆ ಹೊಸ ರೋಗಿಯೊಬ್ಬರು ಬಂದರೆ ಅವರನ್ನು ಮಾತನಾಡಿಸಬೇಕು, ಅವರನ್ನು ಹೊರಗೆ ಕೂರಿಸಿ ಮನೆಯವರನ್ನು ಕೇಳಬೇಕು, ನಿದ್ದೆ, ಊಟ, ಕುಡಿತ, ಸಾಯುವ ಯೋಚನೆ ಎಲ್ಲವನ್ನೂ ವಿಚಾರಿಸಬೇಕು. ತುರುವೇಕೆರೆ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳಿಗಾಗಿ ನಿಮ್ಹಾನ್ಸ್ ನಡೆಸಿದ ಸಮುದಾಯ ಚಿಕಿತ್ಸಾ ಯೋಜನೆ ನಿಂತದ್ದೂ ಇಂಥ ತಾಳ್ಮೆಯ ಮೇಲೆಯೇ.

ಈ ತಾಳ್ಮೆಗೆ ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿಲ್ಲ. ಅಲ್ಲಿ ಹಣ ಹೆಚ್ಚಾಗಿ ಬರುವುದು ಶಸ್ತ್ರಚಿಕಿತ್ಸೆ, ಸ್ಕ್ಯಾನ್, ಹಾಸಿಗೆಗಳಿಂದ. ಮುಕ್ಕಾಲು ಗಂಟೆಯ ಮಾತಿಗೆ ಸಿಗುವುದು ಒಂದೇ ಸಂದರ್ಶನ ಶುಲ್ಕ. ಹೀಗಾಗಿ ನಿಗದಿತ ಸಂಬಳವೋ, ಶುಲ್ಕದಲ್ಲಿ ಪಾಲೋ, ವ್ಯಸನಮುಕ್ತಿಯ ಒಳರೋಗಿ ವಿಭಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ಒಂದೇ ಪದವಿಯವರ ಗಳಿಕೆ ಅಜಗಜಾಂತರವಾಗುತ್ತದೆ.

2015-16ರ ರಾಷ್ಟ್ರೀಯ ಸಮೀಕ್ಷೆ ಹತ್ತು ವಯಸ್ಕರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎಂದಿತು. ಬೇಡಿಕೆ ಇದ್ದಲ್ಲಿ ಬೆಲೆ ಏರಬೇಕು. ಬೆಂಗಳೂರಿನಲ್ಲಿ ಏರುತ್ತದೆ, ಏಕೆಂದರೆ ಕೊಡುವವರಿದ್ದಾರೆ. ಪಾವಗಡ, ಮುಳಬಾಗಿಲಿನಲ್ಲಿ ಬೇಡಿಕೆ ಇದ್ದರೂ ಕೂಲಿಯಲ್ಲಿ ಬದುಕುವವರು ಅಷ್ಟು ಶುಲ್ಕ ತೆರಲಾರರು. ತುಮಕೂರು, ಕೋಲಾರ ಎರಡೂ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ದೂರದಲ್ಲಿರುವುದರಿಂದ ವೈದ್ಯರೂ ಹಣವುಳ್ಳ ರೋಗಿಗಳೂ ಅತ್ತಲೇ ಸಾಗುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯಂತೆಯೇ ಕಾಣಬೇಕೆಂದಿತು. ಆದರೆ ಸಾಮಾನ್ಯ ಪಾಲಿಸಿಗಳು ಒಳರೋಗಿಯ ವೆಚ್ಚವನ್ನೇ ಮುಖ್ಯವಾಗಿ ಭರಿಸುತ್ತವೆ, ಮನೋವೈದ್ಯರ ಕೆಲಸವೋ ಬಹುಪಾಲು ಹೊರರೋಗಿ ವಿಭಾಗದ್ದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ನಂತರ ಪಾವಗಡದ ರೋಗಿ ವಿಡಿಯೊ ಕರೆಯಲ್ಲಿಯೇ ಬೆಂಗಳೂರಿನ ವೈದ್ಯರನ್ನು ಕಾಣಬಹುದಾಗಿದೆ. ರೋಗಿಗೆ ಬಸ್ಸಿನ ಖರ್ಚು ಉಳಿಯಿತು, ಶುಲ್ಕ ಮಾತ್ರ ಮೊದಲಿನಂತೆ ಬೆಂಗಳೂರಿಗೇ ಹೋಗುತ್ತದೆ.